ಹಳ್ಳದಾಚೆಯ ಮನೆಯೂ ಲೆಕ್ಕಕ್ಕೆ ಬರಬೇಕು

(2027ರ ಜನಗಣತಿಯ ತಯಾರಿಗಾಗಿ ಸಾಗರದಲ್ಲಿ ಶಾಲಾ ಶಿಕ್ಷಕರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸುತ್ತಲಿನ ಊರಿನವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಈ ತಾಲೂಕಿನ ಪ್ರಾಥಮಿಕ ಶಾಲೆಗಳಲ್ಲೇ ಪಾಠ ಮಾಡಿ ನಿವೃತ್ತಿಯಾದವಳು. 1991, 2001, 2011, ಈ ಮೂರೂ ಜನಗಣತಿಯಲ್ಲಿ ಮನೆ ಮನೆ ತಿರುಗಿದ್ದೇನೆ. ಇವತ್ತು ನಿಮ್ಮ ಮುಂದೆ ನಿಂತಿರುವುದಕ್ಕೆ ಕಾರಣ ಆ ಮೂರರಲ್ಲಿ ಒಂದು ಸಲ ನಾನು ಮಾಡಿದ ತಪ್ಪು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2001ರ ಫೆಬ್ರವರಿ. ನನಗೆ ಸಿಕ್ಕಿದ್ದು ಶರಾವತಿ ಹಿನ್ನೀರಿನ ಆಚೆಗಿನ ಕರೂರು ಹೋಬಳಿಯ ಒಂದು ಬ್ಲಾಕು, ಅಂದರೆ ಒಬ್ಬ ಗಣತಿದಾರರ ಪಾಲಿಗೆ ಬರುವಷ್ಟು ಮನೆಗಳು. ಆಗ ಸೇತುವೆ ಇರಲಿಲ್ಲ, ಲಾಂಚೇ ಗತಿ. ಬೆಳಿಗ್ಗೆ ಹೋದರೆ ಕತ್ತಲಾಗುವ ಮೊದಲು ವಾಪಸ್ ಬರಬೇಕು. ಅಡಿಕೆ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಯಾರ ಮನೆ ಅಂಗಳಕ್ಕೆ ಹೋದರೂ ಅಡಿಕೆ ಹರವಿದ್ದರು. ಕೊನೆಯ ದಿನ ಒಬ್ಬರ ಮನೆ ಜಗುಲಿಯಲ್ಲಿ ಕೂತು ಬರೆದು ಮುಗಿಸಿದೆ. ಅವರು ಒಳ್ಳೆಯ ಜನ, ಊಟ ಹಾಕಿದರು. ಹೊರಡುವಾಗ ಕೇಳಿದೆ, ಈ ಕಡೆ ಇನ್ನು ಮನೆ ಇದೆಯಾ ಅಂತ. "ಇಲ್ಲ ಟೀಚರೇ, ಇಲ್ಲಿಗೆ ಮುಗೀತು. ಆಚೆ ಬರೀ ಕಾಡು" ಅಂದರು. ನನ್ನ ಕೈಲಿದ್ದ ನಕ್ಷೆಯಲ್ಲೂ ಅಲ್ಲಿಗೆ ಮನೆಗಳು ಮುಗಿದಿದ್ದವು. ಪುಸ್ತಕ ಮುಚ್ಚಿದೆ.

ಜೂನ್‌ನಲ್ಲಿ ಶಾಲೆಗೆ ಮಕ್ಕಳನ್ನು ಸೇರಿಸಲು ಮನೆ ಮನೆಗೆ ಹೋಗುವ ಕೆಲಸ ಇರುತ್ತದಲ್ಲ, ಆಗ ಅದೇ ದಾರಿಯಲ್ಲಿ ಹೋದೆ. ಆ ಮನೆಯ ತೋಟದ ಕೆಳಗೆ ಒಂದು ಹಳ್ಳ. ಹಳ್ಳಕ್ಕೆ ಒಂದು ಸಂಕ, ಅಂದರೆ ಮರದ ಕಾಲುಸೇತುವೆ. ಸಂಕದ ಆಚೆ ಮರಗಳ ನಡುವೆ ಹೊಗೆ ಕಾಣಿಸಿತು. ದಾಟಿ ಹೋದರೆ ಸೋಗೆ ಹೊದಿಸಿದ ಒಂದು ಮನೆ. ಹಸಲರು ಅನ್ನುವ ಬುಡಕಟ್ಟಿನ ಕುಟುಂಬ. ಒಂಬತ್ತು ಜನ. ಶಾಲೆಗೆ ಬರಬೇಕಾದ ಇಬ್ಬರು ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದೇವೆ ಅಂದಳು ಮನೆಯ ಅಜ್ಜಿ.

ತೋಟದವರು ನನಗೆ ಸುಳ್ಳು ಹೇಳಿರಲಿಲ್ಲ. ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಅವರ ಕಣ್ಣಲ್ಲಿ ಅದು ಮನೆಯೇ ಅಲ್ಲ. ಅದು ಆಳುಗಳ ಬಿಡಾರ. ನಾನು "ಮನೆ ಇದೆಯಾ" ಅಂತ ಕೇಳಿದೆ, ಅವರು ತಮಗೆ ಮನೆ ಅಂತ ಅನ್ನಿಸಿದ್ದಕ್ಕೆ ಉತ್ತರ ಕೊಟ್ಟರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. "ಇಲ್ಲಿಂದಾಚೆ ಎಲ್ಲಾದರೂ ಒಲೆ ಹೊತ್ತುತ್ತದಾ?" ಅಂತ ಕೇಳಿದ್ದರೆ ಆ ಒಂಬತ್ತು ಜನ ಸಿಗುತ್ತಿದ್ದರು.

ಜೂನ್‌ನಲ್ಲಿ ಗೊತ್ತಾದರೆ ಏನು ಪ್ರಯೋಜನ? ಎಣಿಕೆ ಮುಗಿದಿತ್ತು. ಬಿಟ್ಟು ಹೋದವರನ್ನು ಸೇರಿಸಲು ಮಾರ್ಚ್ 1ರಿಂದ 5ರವರೆಗೆ ಒಂದು ಸುತ್ತು ಇರುತ್ತದೆ. ಅದೂ ಕಳೆದು ಮೂರು ತಿಂಗಳಾಗಿತ್ತು. ಆ ಒಂಬತ್ತು ಜನ ಮುಂದಿನ ಹತ್ತು ವರ್ಷ ಈ ದೇಶದ ಲೆಕ್ಕದಲ್ಲಿ ಇರಲಿಲ್ಲ. ಜನರನ್ನು ಎಣಿಸುವ ಮೊದಲು ಮನೆಪಟ್ಟಿ ಮಾಡುವಾಗಲೇ ಆ ಮನೆ ತಪ್ಪಿತ್ತು, ನಾನು ಆ ಪಟ್ಟಿ ನಂಬಿದೆ. ನಿಮ್ಮಲ್ಲಿ ಮನೆಪಟ್ಟಿ ಮಾಡಿದವರು, ಆಮೇಲೆ ಜನರನ್ನು ಎಣಿಸುವವರು ಇಬ್ಬರೂ ಇದ್ದೀರಿ. ಮೊದಲ ಹಂತದಲ್ಲಿ ಬಿಟ್ಟ ಮನೆ ಎರಡನೇ ಹಂತದಲ್ಲಿ ತಾನಾಗಿ ಬರುವುದಿಲ್ಲ. ಯಾರಾದರೂ ಸಂಕ ದಾಟಿ ಹೋಗಬೇಕು.

ಇದು ನನ್ನೊಬ್ಬಳ ಕಥೆ ಅಂದುಕೊಳ್ಳಬೇಡಿ. ಗಣತಿ ಮುಗಿದ ಮೇಲೆ ಅದೇ ಇಲಾಖೆ ಕೆಲವು ಬ್ಲಾಕುಗಳನ್ನು ಆರಿಸಿ ಮತ್ತೆ ಎಣಿಸುತ್ತದೆ, ಎಷ್ಟು ತಪ್ಪಿದೆ ಅಂತ ನೋಡಲು. ತನ್ನ ತಪ್ಪನ್ನು ತಾನೇ ಹುಡುಕಿ ಪ್ರಕಟಿಸುವ ಕೆಲಸ ಅದು, ನನಗೆ ಅದರ ಬಗ್ಗೆ ಬಹಳ ಗೌರವ. 2011ರ ಮರುಪರಿಶೀಲನೆಯಲ್ಲಿ ತಿಳಿದದ್ದು, ಸಾವಿರಕ್ಕೆ ಸುಮಾರು 23 ಜನ ಬಿಟ್ಟು ಹೋಗಿದ್ದರು. ಕೇಳಿದರೆ ಕಡಿಮೆ ಅನ್ನಿಸುತ್ತದೆ. ಆದರೆ ಆ ಸಲ ದೇಶದ ಜನಸಂಖ್ಯೆ 121 ಕೋಟಿ. ಎರಡೂಮುಕ್ಕಾಲು ಕೋಟಿ ಜನ ಅಂದ ಹಾಗಾಯಿತು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಆಗ ಲೆಕ್ಕಕ್ಕೆ ಬಂದವರು 17,52,753. ಅದೇ ಪ್ರಮಾಣ ಇಲ್ಲಿಗೂ ಹಾಕಿ ನೋಡಿದರೆ ನಲವತ್ತು ಸಾವಿರ ಆಗುತ್ತದೆ.

ಬಯಲುಸೀಮೆಯಲ್ಲಿ ಊರು ಅಂದರೆ ಒಂದು ಕಡೆ ಒತ್ತಾಗಿ ಇರುವ ಮನೆಗಳು. ಒಂದು ಬೀದಿಗೆ ಹೋದರೆ ನೂರು ಮನೆ. ನಮ್ಮಲ್ಲಿ ಹಾಗಲ್ಲ. ಇಲ್ಲೊಂದು ಮನೆ, ತೋಟ ದಾಟಿ ಇನ್ನೊಂದು, ಗುಡ್ಡ ಹತ್ತಿ ಇಳಿದರೆ ಮತ್ತೊಂದು. ಹೀಗೆ ಚದುರಿದ ಕಡೆ ಹತ್ತು ಜನ ಬಿಟ್ಟು ಹೋದರೂ ಪೆಟ್ಟು ಜೋರಾಗಿ ಬೀಳುತ್ತದೆ. ಏಕೆಂದರೆ ಸರ್ಕಾರದ ಬಹುಪಾಲು ಸೌಲಭ್ಯಕ್ಕೆ ಒಂದು ಗೆರೆ ಇದೆ. ಇಷ್ಟು ಜನ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗ್ರಾಮ ಪಂಚಾಯಿತಿಯನ್ನೇ ತಗೊಳ್ಳಿ. ನಮ್ಮ ರಾಜ್ಯದ ಕಾಯ್ದೆ ಪ್ರಕಾರ 400 ಜನಕ್ಕೆ ಒಬ್ಬ ಸದಸ್ಯ. ಆರೋಗ್ಯ ಉಪಕೇಂದ್ರ ಬಯಲಲ್ಲಿ 5,000 ಜನಕ್ಕೆ ಒಂದು, ಗುಡ್ಡಗಾಡಲ್ಲಿ 3,000 ಜನಕ್ಕೆ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಮತ್ತು 20,000. ರಸ್ತೆಯ ಕಥೆ ಇನ್ನೂ ಕಷ್ಟದ್ದು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಪ್ರದೇಶದ ವಸತಿಗೆ 500 ಜನ ಇರಬೇಕು, ಗುಡ್ಡಗಾಡು ರಾಜ್ಯಗಳಿಗೆ 250 ಸಾಕು. ಆದರೆ ಕರ್ನಾಟಕ ಗುಡ್ಡಗಾಡು ರಾಜ್ಯ ಅಲ್ಲ. ಹಾಗಾಗಿ ನಮ್ಮ ಮಲೆಗೂ ಬಯಲಿನ ಅಳತೆಗೋಲೇ. 500 ಮೀಟರ್ ಒಳಗಿನ ವಸತಿಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಬಹುದು ಅನ್ನುತ್ತದೆ ನಿಯಮ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೇ ಅಷ್ಟು ದೂರ ಇರುತ್ತದೆ, ಅಲ್ವಾ? ಹೀಗಿರುವಾಗ 500ರ ಹತ್ತಿರ ಬಂದ ಒಂದು ವಸತಿಯಲ್ಲಿ ಎರಡು ಬಿಡಾರ ಬಿಟ್ಟು ಹೋದರೆ ಇಡೀ ಊರಿನ ರಸ್ತೆ ನಿಂತಿತು. ತೋಟದವರಿಗೂ ಇಲ್ಲ, ಬಿಡಾರದವರಿಗೂ ಇಲ್ಲ. ಬಾಣಂತಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವುದನ್ನು ಇಲ್ಲಿ ಕೂತಿರುವ ಹಲವರು ನೋಡಿದ್ದೀರಿ.

ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರಿಗೆ ಮಂಗನ ಕಾಯಿಲೆಯ ಬಗ್ಗೆ ನಾನು ಹೇಳಬೇಕಿಲ್ಲ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ. 2019ರಲ್ಲಿ ನಮ್ಮ ಅರಳಗೋಡಿನಲ್ಲಿ ಅದು ಹರಡಿ ಜನ ಸತ್ತದ್ದನ್ನು ಇಡೀ ತಾಲೂಕು ನೋಡಿದೆ. ಅದಕ್ಕೆ ಲಸಿಕೆ ಕೊಡುತ್ತಿದ್ದ ಕಾಲದಲ್ಲಿ ಒಂದು ಊರಲ್ಲಿ ಇಷ್ಟು ಜನಕ್ಕೆ ಲಸಿಕೆ ಹಾಕಿದೆವು ಅಂತ ವರದಿ ಬರೆಯುತ್ತಿದ್ದೆವು. ಎಷ್ಟು ಜನರಲ್ಲಿ ಅಷ್ಟು? ಊರಿನ ಒಟ್ಟು ಜನರ ಸಂಖ್ಯೆ ತಪ್ಪಾದರೆ ಲಸಿಕೆಯ ಲೆಕ್ಕಕ್ಕೆ ಅರ್ಥವಿಲ್ಲ. ಕಾಗದದ ಮೇಲೆ ಎಲ್ಲರಿಗೂ ಆಯಿತು ಅಂತ ಇರುತ್ತಿತ್ತು. ಸೊಪ್ಪು ತರಲು, ಸೌದೆ ತರಲು ದಿನಾ ಕಾಡಿಗೆ ಹೋಗುವವರೇ ಆ ಕಾಗದದ ಹೊರಗೆ ಉಳಿದಿರುತ್ತಿದ್ದರು. ರೋಗ ಹರಡುವ ಉಣುಗು ಕಚ್ಚುವುದು ಅವರಿಗೇ ಮೊದಲು.

ಲೆಕ್ಕ ಸರಿ ಇದ್ದರೆ ಏನು ಕಾಣುತ್ತದೆ ಅನ್ನುವುದಕ್ಕೆ ನಮ್ಮ ಸೀಮೆಯ ಹಳೆಯ ಉದಾಹರಣೆ ಇದೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಎಣಿಸಿದಾಗ 50 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಜನ ಇದ್ದರು. ಮುಂದಿನ ಸಲ, 1881ರಲ್ಲಿ ಎಣಿಸಿದರೆ ಸುಮಾರು 42 ಲಕ್ಷ. ನಡುವೆ ಬಂದದ್ದು ಧಾತು ಈಶ್ವರ ಬರ. ಹೆಚ್ಚು ಏಟು ಬಿದ್ದದ್ದು ಬಯಲುಸೀಮೆಗೆ, ಮಲೆನಾಡು ಅಷ್ಟಾಗಿ ಸಿಕ್ಕಿಹಾಕಿಕೊಳ್ಳಲಿಲ್ಲ. ಆ ಬರದ ಬಗ್ಗೆ ಅಜ್ಜಿಯರು ಕಥೆ ಹೇಳುತ್ತಿದ್ದರು. ಆದರೆ ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಕಡಿಮೆಯಾದರು ಅನ್ನುವುದನ್ನು ಕಥೆ ಹೇಳುವುದಿಲ್ಲ, ಎಣಿಕೆ ಹೇಳುತ್ತದೆ. ಆಮೇಲೆ ನಮ್ಮ ಸರದಿ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದು ಗಣತಿಯಲ್ಲಿ ಕಂಡಿತು. ಮಲೇರಿಯಾ ಮನೆ ಮನೆಗಳನ್ನೇ ಖಾಲಿ ಮಾಡುತ್ತಿತ್ತು. ಮಲೆನಾಡಿಗೆ ಅಂತಲೇ ಬೇರೆ ಸುಧಾರಣೆಯ ಕೆಲಸ ಬೇಕು ಅಂತ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸರ್ಕಾರ ಯೋಚಿಸಿತು.

ಕಂದಾಯ ಇಲಾಖೆಯಲ್ಲಿ ಒಂದು ಮಾತಿದೆ, ಬೇಚರಾಕ್ ಗ್ರಾಮ. ದಾಖಲೆಯಲ್ಲಿ ಹೆಸರಿದೆ, ವಾಸ ಮಾಡುವವರಿಲ್ಲ. ಪಾರಸಿಯಿಂದ ಬಂದ ಮಾತು, ಚಿರಾಗ್ ಅಂದರೆ ದೀಪ. ದೀಪ ಉರಿಯದ ಊರು. ರೋಗಕ್ಕೆ ಖಾಲಿಯಾದ ಊರು, ನೀರಲ್ಲಿ ಮುಳುಗಿದ ಊರು ಹೀಗೆ ಹೆಸರು ಮಾತ್ರ ಉಳಿಸಿಕೊಳ್ಳುತ್ತದೆ. ನನಗೆ ಇದರ ಉಲ್ಟಾ ಇರುವುದು ಹೆಚ್ಚು ನೋವು ಕೊಡುತ್ತದೆ. ದೀಪ ಉರಿಯುತ್ತಿದೆ, ದಾಖಲೆಯಲ್ಲಿ ಹೆಸರಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಗಿ ಮನೆ ಮಠ ಬಿಟ್ಟು ಹೊರಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರ ಇಲ್ಲದ ಜಾಗದಲ್ಲಿ ಇದ್ದಾರೆ.

ಅವರೇ ಗಣತಿಗೆ ಹೆದರುವವರು. ಬುಕ್ಕು ಹಿಡಿದು ಬಂದವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಒತ್ತುವರಿ ತೆಗೆಸಲು ಬಂದರು ಅಂತ ಒಬ್ಬರು, ರೇಷನ್ ಕಾರ್ಡ್ ರದ್ದು ಮಾಡುತ್ತಾರೆ ಅಂತ ಇನ್ನೊಬ್ಬರು. ಮನೆಪಟ್ಟಿಯಲ್ಲಿ ಟಿವಿ ಇದೆಯಾ, ಬೈಕ್ ಇದೆಯಾ ಅಂತ ಕೇಳುತ್ತಾರಲ್ಲ, ಅಲ್ಲೇ ಅನುಮಾನ ಶುರು. ಈ ಭಯಕ್ಕೆ ಉತ್ತರ ಕಾನೂನಿನಲ್ಲೇ ಇದೆ, ಅದನ್ನು ನೀವು ಬಾಯಿಪಾಠ ಮಾಡಿಕೊಂಡು ಹೋಗಿ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ನೀವು ಬರೆದುಕೊಂಡದ್ದನ್ನು ನೋಡುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಬಳಸುವ ಹಾಗಿಲ್ಲ. ಪಹಣಿ ತೋರಿಸಿ, ಪಟ್ಟಾ ತೋರಿಸಿ ಅಂತ ಕೇಳುವ ಹಾಗೂ ಇಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಅಷ್ಟೇ ನಿಮ್ಮ ಕೆಲಸ. ಇದನ್ನು ಅಂಗಳದಲ್ಲಿ ನಿಂತು, ಬರೆಯಲು ಶುರು ಮಾಡುವ ಮೊದಲು ಹೇಳಿ. ಆಮೇಲೆ ಹೇಳಿದರೆ ನಂಬುವುದಿಲ್ಲ.

ಜನಕ್ಕೆ ಇನ್ನೊಂದು ಗೊಂದಲ ಇದೆ. 2025ರಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೂ ಇದೇ ಟೀಚರ್‌ಗಳೇ ಬಂದಿದ್ದರು. "ಆಗಲೇ ಎಲ್ಲ ಕೊಟ್ಟಿದ್ದೇವಲ್ಲ" ಅನ್ನುತ್ತಾರೆ. ಅದು ಬೇರೆ, ಇದು ಬೇರೆ. ಅದರಲ್ಲಿ ಉತ್ತರ ಕೊಡುವುದು ಅವರವರ ಇಷ್ಟ ಅಂತ ಹೈಕೋರ್ಟ್ ಹೇಳಿತ್ತು. ಇದು ದೇಶದ ಜನಗಣತಿ, ಉತ್ತರ ಕೊಡುವುದು ಕಾನೂನಿನ ಕರ್ತವ್ಯ. 1931ರ ನಂತರ ಮೊದಲ ಸಲ ಇದರಲ್ಲೂ ಎಲ್ಲ ಜಾತಿಗಳನ್ನು ಎಣಿಸುತ್ತಾರೆ, ಅದಕ್ಕೇ ಎರಡೂ ಒಂದೇ ಅನ್ನಿಸುವುದು.

ಆ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಾಲಿದೆ. ಗಂಡನ ಹೆಸರನ್ನಾಗಲಿ, ರೂಢಿಯ ಪ್ರಕಾರ ತಾನು ಬಾಯಲ್ಲಿ ಹೇಳಬಾರದ ಇನ್ನಾರದೇ ಹೆಸರನ್ನಾಗಲಿ ಹೇಳಲೇಬೇಕು ಅಂತ ಯಾವ ಹೆಂಗಸನ್ನೂ ಬಲವಂತ ಮಾಡುವ ಹಾಗಿಲ್ಲ. 1948ರಲ್ಲಿ ಬರೆದದ್ದು! ನಮ್ಮಲ್ಲಿ ಹಳೆಯ ಕಾಲದ ಹೆಂಗಸರು "ನಮ್ಮನೆಯವರು" ಅಂತ ನಿಲ್ಲಿಸಿಬಿಡುತ್ತಾರೆ. 1991ರಲ್ಲಿ ಒಬ್ಬ ಅಮ್ಮ ದೇವರ ಫೋಟೋ ಕಡೆ ಕೈ ತೋರಿಸಿದರು. ಕೃಷ್ಣನ ಫೋಟೋ. "ಕೃಷ್ಣಪ್ಪನಾ?" ಅಂದೆ. ತಲೆ ಅಲ್ಲಾಡಿಸಿ, ಕೆಳಗಿನ ಹಾವಿನ ಕಡೆ ತೋರಿಸಿದರು. ಶೇಷಪ್ಪ. ಇದಕ್ಕೆಲ್ಲ ಹೊತ್ತು ಬೇಕು. ಮೊಬೈಲ್ ಆ್ಯಪ್ ಬಂದಿದೆ, ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಆದರೆ ಹೊತ್ತು ಕೊಡಬೇಕಾದ ಕಡೆ ಕೊಡಿ.

ಈಗ ಮನೆಯೊಳಗೆ ಬರೋಣ. ಮನೆ ಸಿಕ್ಕರೂ ಒಳಗಿನ ಎಲ್ಲರೂ ಸಿಗುವುದಿಲ್ಲ.

ಕುಟುಂಬ ಅಂದರೆ ಗಣತಿಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ರೇಷನ್ ಕಾರ್ಡಿನಲ್ಲಿ ಯಾರಿದ್ದಾರೆ, ಆಸ್ತಿ ಪಾಲಾಗಿದೆಯಾ ಇಲ್ಲವಾ, ಅದೆಲ್ಲ ಬೇಡ. ಸೂರು ಒಂದೇ ಇದ್ದು ಅಣ್ಣ ತಮ್ಮ ಬೇರೆ ಬೇರೆ ಒಲೆ ಹೂಡಿದ್ದರೆ ಎರಡು ಕುಟುಂಬ. ಕೆಲಸಕ್ಕೆ ಇರುವ ಹುಡುಗ ಇಲ್ಲೇ ಉಂಡು ಇಲ್ಲೇ ಮಲಗಿದರೆ ಅವನೂ ಈ ಕುಟುಂಬದ ಲೆಕ್ಕಕ್ಕೇ. ಅವನನ್ನು ಮನೆಯವರು ಹೇಳುವುದಿಲ್ಲ. ನೀವು ಕೇಳಬೇಕು.

ಬೆಂಗಳೂರಿನ ಮಕ್ಕಳದ್ದು ದೊಡ್ಡ ಸಮಸ್ಯೆ. ಇವತ್ತು ನಮ್ಮ ಎಷ್ಟು ತೋಟದ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ! ಚಿಕ್ಕಮಗಳೂರು ಜಿಲ್ಲೆ ನೋಡಿ. 2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961 ಆಯಿತು. ಇಡೀ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದಲ್ಲಿ ಬೆಳೆಯುವ ಬದಲು ಇಳಿಯಿತು. ಮಲೆನಾಡು ಖಾಲಿಯಾಗುತ್ತಿದೆ ಅಂತ ನಾವು ಜಗುಲಿಯಲ್ಲಿ ಕೂತು ಹೇಳುತ್ತಿದ್ದದ್ದು ಸುಮ್ನೆ ಮಾತಲ್ಲ ಅಂತ ಆ ಸಂಖ್ಯೆ ತೋರಿಸಿತು.

2011ರಲ್ಲಿ ಒಂದು ಮನೆಗೆ ಹೋದಾಗ ಆ ತಾಯಿ ಐದು ಜನ ಅಂದರು. ನೋಡಿದರೆ ಇರುವುದು ಇಬ್ಬರು. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಲ್ಲಿ. ಅವರನ್ನು ಇಲ್ಲಿ ಬರೆಯುವ ಹಾಗಿಲ್ಲ ಅಂದೆ. ಅವರಿಗೆ ನಿಜವಾಗಿ ನೋವಾಯಿತು.

"ಎಂತ ಟೀಚರೇ ಹೀಂಗಂತೀರಿ? ಅವ ನಮ್ಮನೆಯವ ಅಲ್ದಾ ಹಂಗಾರೆ?"

ನಾನು ಅವರ ಪಕ್ಕ ಕೂತುಕೊಂಡೆ. "ನಿಮ್ಮನೆಯವನೇ ಅಮ್ಮ. ಆದರೆ ಅವನು ಕುಡಿಯುವ ನೀರು, ಹತ್ತುವ ಬಸ್ಸು, ಮೊಮ್ಮಗಳ ಶಾಲೆ ಎಲ್ಲ ಅಲ್ಲಿದೆ. ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಾದರೆ ತಾನೇ ಅಲ್ಲಿ ನೀರು ಬರುವುದು?" ಅಂದೆ. ಆಮೇಲೆ ಅವರ ಫೋನಿಂದಲೇ ಮಗನಿಗೆ ಕರೆ ಮಾಡಿಸಿದೆ. ಅವನ ಬಾಡಿಗೆ ಮನೆಗೆ ಯಾರಾದರೂ ಬಂದಿದ್ದರಾ ಅಂತ ಕೇಳಿದರೆ, ಬಂದಿರಲಿಲ್ಲ. ಇಲ್ಲಿ ನಾನು ಬರೆಯಲಿಲ್ಲ, ಅಲ್ಲಿ ಯಾರೂ ಬರೆಯಲಿಲ್ಲ ಅಂದರೆ ಮೂರು ಜನ ಮಾಯ. ಅಲ್ಲೂ ಇಲ್ಲೂ ಬರೆದರೆ ಮೂರು ಜನ ಆರಾಗುತ್ತಾರೆ. ಎರಡೂ ತಪ್ಪೇ. ಊರಿನವರು ಈ ಒಂದು ಕೆಲಸ ಮಾಡಿ. ನಿಮ್ಮ ಮಕ್ಕಳಿಗೆ ಫೋನ್ ಮಾಡಿ ಕೇಳಿ, "ನಿನ್ನ ರೂಮಿಗೆ, ನಿನ್ನ ಪಿಜಿಗೆ ಗಣತಿಯವರು ಬಂದರಾ?" ಈ ಸಲ ಪೋರ್ಟಲ್‌ನಲ್ಲಿ ತಾವೇ ವಿವರ ತುಂಬುವ ಅವಕಾಶವೂ ಇದೆ. ತುಂಬಿದ ಮೇಲೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಮನೆಗೆ ಬಂದ ಗಣತಿದಾರರಿಗೆ ತೋರಿಸಬೇಕು. ಓದಿದ ಮಕ್ಕಳಿಗೆ ಅದೇನು ಕಷ್ಟ ಅಲ್ಲ.

ಹಾಗೆಯೇ ಬೇರೆ ಕಡೆಯಿಂದ ನಮ್ಮಲ್ಲಿಗೆ ಬಂದವರು. 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಫೆಬ್ರವರಿ ಅಂದರೆ ಅಡಿಕೆಯ ಕೊನೆ ದಿನಗಳು, ಕಾಫಿ ಸೀಮೆಯಲ್ಲಿ ರೋಬಸ್ಟಾ ಕೊಯ್ಲು. ಉತ್ತರ ಕರ್ನಾಟಕದಿಂದ ಬಂದವರಿದ್ದಾರೆ, ಅಸ್ಸಾಂ, ಜಾರ್ಖಂಡ್‌ನಿಂದ ಬಂದವರಿದ್ದಾರೆ. ಲೈನ್ ಮನೆಯಲ್ಲಿ, ತೋಟದ ಶೆಡ್ಡಿನಲ್ಲಿ, ಕಟ್ಟುತ್ತಿರುವ ಮನೆಯ ಕೆಳಗೆ ಇರುತ್ತಾರೆ. ಅವರ ಸ್ವಂತ ಊರಿನ ಮನೆಗೆ ಬೀಗ. ಅಲ್ಲಿನ ಗಣತಿದಾರರು ಬೀಗ ನೋಡಿ ಮುಂದೆ ಹೋಗುತ್ತಾರೆ. ನಾವೂ ಬಿಟ್ಟರೆ ಅವರು ಎಲ್ಲೂ ಇಲ್ಲ. ಭಾಷೆ ಬರುವುದಿಲ್ಲ ಅಂತ ಬಿಡಬೇಡಿ. ಅಸ್ಸಾಮಿನ ಹುಡುಗರಲ್ಲಿ ಒಬ್ಬನಿಗಾದರೂ ಇಷ್ಟೊತ್ತಿಗೆ ಕನ್ನಡ ಬಂದಿರುತ್ತದೆ, ಅವನನ್ನೇ ಕೂರಿಸಿಕೊಳ್ಳಿ. ಸೂರೇ ಇಲ್ಲದವರನ್ನು 2011ರಲ್ಲಿ ಫೆಬ್ರವರಿ 28ರ ರಾತ್ರಿ ಎಣಿಸಿದರು. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ದೇವಸ್ಥಾನದ ಜಗಲಿ. ಮಾರ್ಚ್ 1 ಹುಟ್ಟುವ ಆ ಮಧ್ಯರಾತ್ರಿ ಈ ದೇಶದಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದೇ ಗಣತಿಯ ಪ್ರಶ್ನೆ. ರಸ್ತೆ ಬದಿ ಮಲಗಿದವರನ್ನು ಬಿಟ್ಟು ಆ ಪ್ರಶ್ನೆಗೆ ಉತ್ತರ ಇಲ್ಲ.

ಮನೆಯಲ್ಲೇ ಇದ್ದು ಬಿಟ್ಟು ಹೋಗುವವರಲ್ಲಿ ಹಸುಗೂಸುಗಳು ಮೊದಲು. ಹೆಸರಿಟ್ಟಿಲ್ಲ ಅಂತ ಹೇಳುವುದಿಲ್ಲ. ಹೆಸರು ಬೇಕಾಗಿಲ್ಲ, ಮಗು ಇದೆ ಅಂದರೆ ಸಾಕು. ಆಮೇಲೆ ಅಂಗವಿಕಲರು. 2011ರಲ್ಲಿ ದೇಶದಲ್ಲಿ 2.68 ಕೋಟಿ ಅಂಗವಿಕಲರು ಅಂತ ಲೆಕ್ಕ ಬಂತು, ನೂರಕ್ಕೆ 2.21. ನನಗೆ ಅದು ಪೂರ್ತಿ ಅನ್ನಿಸುವುದಿಲ್ಲ. ಏಕೆಂದರೆ ಒಂದು ಮನೆಯಲ್ಲಿ ನಾನು ಬರೆದು ಏಳುವ ಹೊತ್ತಿಗೆ ಹಿಂದಿನ ಕೋಣೆಯಿಂದ ಕೂಗು ಕೇಳಿಸಿತು. ಹದಿನೆಂಟು ವರ್ಷದ ಮಗಳು. ಬುದ್ಧಿ ಬೆಳೆದಿರಲಿಲ್ಲ. ಅಪ್ಪ ತಲೆ ತಗ್ಗಿಸಿದ. "ಅವಳನ್ನ ಎಂತಕ್ಕೆ ಬರ್ಯದು ಟೀಚರೇ" ಅಂದ. ಮತ್ತೆ ಕೂತು ಬರೆದೆ. ಅವಳ ಹೆಸರು ಕೇಳಿದಾಗ ಅಮ್ಮ ಒಳಗಿನಿಂದ ಬಂದು ಪೂರ್ತಿ ಹೆಸರು ಹೇಳಿದಳು, ಜಾತಕದಲ್ಲಿದ್ದ ಹೆಸರು.

ಮನೆಯ ಹೆಂಗಸರ ಕೆಲಸದ ಕಾಲಂ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. "ನೀವು ಏನು ಕೆಲಸ ಮಾಡುತ್ತೀರಿ?" ಅಂತ ಕೇಳಿದರೆ ಗಂಡ ಉತ್ತರ ಕೊಡುತ್ತಾನೆ, "ಅವಳು ಮನೇಲೇ ಇರದು." ಅವಳೂ ಅದನ್ನೇ ಹೇಳುತ್ತಾಳೆ. ಅವಳ ಬೆರಳು ನೋಡಿ, ಅಡಿಕೆಯ ಕರೆ ಹಿಡಿದಿರುತ್ತದೆ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದಿರುತ್ತಾಳೆ. ಬೇಯಿಸಿ, ಒಣಗಿಸಿ, ಆರಿಸಿರುತ್ತಾಳೆ. ದನ ಕರೆದು ಡೈರಿಗೆ ಹಾಲು ಹಾಕಿರುತ್ತಾಳೆ. ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ದುಡಿದರೆ ಗಣತಿಯಲ್ಲಿ ಅವಳು ಮುಖ್ಯ ದುಡಿಮೆಗಾರಳು, ಅದಕ್ಕಿಂತ ಕಡಿಮೆ ಆದರೂ ದುಡಿಮೆಗಾರಳೇ. ಸಂಬಳ ಇಲ್ಲದಿದ್ದರೂ ಸ್ವಂತ ತೋಟದ ಕೆಲಸ ಕೆಲಸವೇ. ಒಂದೊಂದೇ ಕೇಳಿ. "ಅಡಿಕೆ ಸುಲಿತೀರಾ? ಹಾಲು ಹಾಕ್ತೀರಾ? ತೋಟಕ್ಕೆ ಸೊಪ್ಪು ಹೊರ್ತೀರಾ?" ಒಬ್ಬಳು ನಾನು ಹೀಗೆ ಕೇಳುತ್ತಾ ಹೋದಾಗ ನಕ್ಕು, "ಇಷ್ಟೆಲ್ಲ ಮಾಡ್ತೀನಾ ನಾನು!" ಅಂದಳು.

ವಯಸ್ಸಿನ ವಿಷಯ ಚುಟುಕಾಗಿ ಹೇಳುತ್ತೇನೆ. ಅಂದಾಜಿಗೆ ಹೇಳಿದರೆ ಎಲ್ಲರಿಗೂ ನಲವತ್ತು, ನಲವತ್ತೈದು, ಐವತ್ತೇ ಆಗುತ್ತದೆ. ದೇಶದ ಪಟ್ಟಿಯಲ್ಲೂ ಸೊನ್ನೆ, ಐದರ ವಯಸ್ಸುಗಳು ಉಬ್ಬಿಕೊಂಡು ಕಾಣುತ್ತವೆ. ಲಾಂಚು ಬಂದಾಗ ಎಷ್ಟು ದೊಡ್ಡವರಿದ್ದಿರಿ, ಆಣೆಕಟ್ಟಾದಾಗ ಮದುವೆ ಆಗಿತ್ತಾ ಅಂತ ಕೇಳಿದರೆ ಸರಿಯಾದ ವಯಸ್ಸು ಹತ್ತಿರ ಬರುತ್ತದೆ.

ಕೆಲವರು ನನಗೆ ಕೇಳಿದ್ದಾರೆ, ಸ್ವಲ್ಪ ಜಾಸ್ತಿ ಬರೆದರೆ ಊರಿಗೆ ಒಳ್ಳೆಯದೇ ಅಲ್ವಾ ಅಂತ. ಜಾತಿ ಎಣಿಕೆ ಇರುವುದರಿಂದ ಈ ಆಸೆ ಈ ಸಲ ಹೆಚ್ಚೇ ಇರುತ್ತದೆ. ದಯವಿಟ್ಟು ಬೇಡ. ನಾಗಾಲ್ಯಾಂಡ್‌ನಲ್ಲಿ 1991ರಿಂದ 2001ಕ್ಕೆ ಜನಸಂಖ್ಯೆ ನೂರಕ್ಕೆ 64ಕ್ಕೂ ಮೇಲೆ ಬೆಳೆಯಿತು ಅಂತ ಬಂತು. ಪಂಗಡಗಳ ನಡುವೆ, ಜಿಲ್ಲೆಗಳ ನಡುವೆ ಪೈಪೋಟಿಯಲ್ಲಿ ಉಬ್ಬಿಸಿದ ಲೆಕ್ಕ. 2011ರಲ್ಲಿ ಬಿಗಿಯಾಗಿ ಎಣಿಸಿದರೆ ಹಿಂದಿನದಕ್ಕಿಂತ ಕಡಿಮೆ. ಹತ್ತು ವರ್ಷ ಅಲ್ಲಿ ಯಾವ ಲೆಕ್ಕವನ್ನೂ ನಂಬುವ ಹಾಗಿರಲಿಲ್ಲ. ಇನ್ನೊಬ್ಬರ ಪಾಲು ಕಿತ್ತುಕೊಂಡ ಹಾಗೂ ಆಗುತ್ತದೆ. ನಮ್ಮ ರಾಜ್ಯದ್ದೇ ನೋಡಿ, 15ನೇ ಹಣಕಾಸು ಆಯೋಗ 2011ರ ಜನಸಂಖ್ಯೆಯನ್ನು ಲೆಕ್ಕಕ್ಕೆ ತಗೊಂಡಿತು, ಬೇರೆ ಅಳತೆಗಳೂ ಸೇರಿ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.713ರಿಂದ 3.647ಕ್ಕೆ ಇಳಿಯಿತು. ಈ ಬಗ್ಗೆ ನಮಗೆ ದೂರು ಇರಬಹುದು, ನನಗೂ ಇದೆ. ಆ ವಾದವನ್ನು ವಿಧಾನಸಭೆಯಲ್ಲಿ, ಸಂಸತ್ತಿನಲ್ಲಿ ಮಾಡಬೇಕು. ಸುಳ್ಳು ಸಂಖ್ಯೆ ಹಿಡಿದು ಯಾವ ವಾದವೂ ನಿಲ್ಲುವುದಿಲ್ಲ.

1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಎಣಿಕೆ 2021ರಲ್ಲಿ ಕೊರೋನಾದಿಂದ ನಿಂತಿತು. ಇಡೀ ದೇಶ ಇಷ್ಟು ವರ್ಷ 2011ರ ಲೆಕ್ಕದ ಮೇಲೆ ನಡೆದಿದೆ. ಆಹಾರ ಭದ್ರತೆ ಕಾಯ್ದೆಯಲ್ಲಿ ಪಡಿತರ ಸಿಗುವುದು ಸುಮಾರು 81 ಕೋಟಿ ಜನಕ್ಕೆ. ಆ ಸಂಖ್ಯೆ ಬಂದದ್ದು 2011ರ ಜನಸಂಖ್ಯೆಯಿಂದ. ದೇಶ 140 ಕೋಟಿ ದಾಟಿದರೂ ಮಿತಿ ಅಲ್ಲೇ ಇದೆ. ಹೊಸದಾಗಿ ಮದುವೆಯಾಗಿ ಬೇರೆ ಒಲೆ ಹೂಡಿದವರು ಕಾರ್ಡಿಗೆ ಅಲೆಯುವುದನ್ನು ನೀವೆಲ್ಲ ನೋಡುತ್ತಿದ್ದೀರಿ. 2011ರಲ್ಲಿ ಬಿಟ್ಟು ಹೋದ ಮನೆ 2027ರ ತನಕ, ಅಂದರೆ ಹದಿನಾರು ವರ್ಷ, ಬಿಟ್ಟೇ ಹೋಗಿದೆ. ಆಗ ಹುಟ್ಟಿದ ಮಗು ಈಗ ಎಸ್‌ಎಸ್‌ಎಲ್‌ಸಿ ಬರೆಯುವಷ್ಟು ದೊಡ್ಡದಾಗಿದೆ.

2011ರಲ್ಲಿ ನಾನು ಕೇಳಿ ಅದೇ ಕರೂರು ಹೋಬಳಿಯ ಬ್ಲಾಕನ್ನು ಮತ್ತೆ ತಗೊಂಡೆ. ಮೊದಲ ದಿನ ಮೊದಲು ಹೋದದ್ದು ಸಂಕದ ಆಚೆ. ಅಜ್ಜಿ ತೀರಿಕೊಂಡಿದ್ದಳು. ಒಂಬತ್ತು ಜನ ಹನ್ನೊಂದಾಗಿದ್ದರು. ಇಬ್ಬರು ಮಕ್ಕಳಲ್ಲಿ ದೊಡ್ಡವಳು ನನ್ನದೇ ಶಾಲೆಯಲ್ಲಿ ಏಳನೇ ಕ್ಲಾಸ್ ಮುಗಿಸಿದವಳು. ಅವಳೇ ಮನೆಯವರೆಲ್ಲರ ಹೆಸರು, ವಯಸ್ಸು ಒಂದೊಂದಾಗಿ ಹೇಳಿದಳು. ಬರೆದಾದ ಮೇಲೆ, "ಅಜ್ಜಿದು ಬರ್ಯಲ್ವಾ ಟೀಚರ್?" ಅಂದಳು. ತೀರಿಕೊಂಡವರನ್ನು ಬರೆಯಲು ಬರುವುದಿಲ್ಲ ಅಂತ ಹೇಳಬೇಕಾಯಿತು. ಆ ಅಜ್ಜಿ ನನ್ನ ಬ್ಲಾಕಿನಲ್ಲಿ ಬದುಕಿದ್ದಳು, ನನ್ನ ಪುಸ್ತಕದಲ್ಲಿ ಒಂದು ಸಲವೂ ಬರಲಿಲ್ಲ.

ಈಗ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ. ಲಾಂಚಿಗೆ ಕಾಯಬೇಕಿಲ್ಲ. ನಿಮಗೆ ಸಂಜೆ ಇನ್ನೊಂದು ಗಂಟೆ ಸಿಗುತ್ತದೆ, ಅದನ್ನು ತೋಟದ ಕೆಳಗೆ ನಡೆಯಲು ಇಟ್ಟುಕೊಳ್ಳಿ.

(ಮಾತು ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬ ಆಶಾ ಕಾರ್ಯಕರ್ತೆ ಹತ್ತಿರ ಬಂದರು. ಲಸಿಕೆ ಪುಸ್ತಕದಿಂದ ಒಂದು ಹಾಳೆ ಹರಿದು ಏನೋ ಬರೆದು ಕೊಟ್ಟರು. ಮೂರು ಮನೆಗಳ ಗುರುತು. ಒಂದಕ್ಕೆ ದಾರಿ, "ಹಳೇ ಗೇರು ಮರದಿಂದ ಬಲಕ್ಕೆ, ಬೇಲಿ ದಾಟಿ." ಮೂರೂ ಯಾವ ನಕ್ಷೆಯಲ್ಲೂ ಇಲ್ಲ ಅಂದರು. ಆ ಹಾಳೆಯನ್ನು ಅಲ್ಲೇ ಇದ್ದ ಆ ಬ್ಲಾಕಿನ ಶಿಕ್ಷಕರ ಕೈಗೆ ಕೊಟ್ಟೆ. ಅವರು ಅದನ್ನು ನಕ್ಷೆಯ ಜೊತೆ ಪಿನ್ ಹಾಕಿಟ್ಟುಕೊಂಡರು.)